ಬೋರ್ ನೀರು ಹಾಕಿ ಕೆಟ್ಟೆ, ಆಮ್ಯಾಲ ಕೂಲೆಂಟ್ ನಾನೇ ಬದಲಿ ಮಾಡೋದು ಕಲ್ತೆ

ನಂದು ರಾಯಚೂರು, ಬಾಡಿಗಿ ಗಾಡಿ ಓಡಿಸ್ತೀನಿ, ಹಳೇ ಡೀಸೆಲ್ ಕಾರು. ಮೇ ತಿಂಗಳು, ಮಧ್ಯಾಹ್ನ ಎರಡರ ಬಿಸಿಲು, ಸಿಂಧನೂರಿಗೆ ಹೊಂಟಿದ್ವಿ, ಮಾನ್ವಿ ದಾಟಿದ ಮ್ಯಾಲ ಎಸಿ ಬಿಸಿ ಗಾಳಿ ಹೊಡ್ಯಾಕ ಹತ್ತಿತು, ಗ್ಯಾಸ್ ಖಾಲಿ ಆಗಿರ್ಬೇಕು ಅನ್ಕೊಂಡೆ, ಮೀಟರ್ ನೋಡೋದ್ರಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಮುಟ್ಟಿತ್ತು. ಇಂಜಿನ್ ಬಿಸಿ ಏರಿದ್ರ ಕಂಪ್ರೆಸರ್ ತಾನೇ ಬಂದ್ ಆಗ್ತದಂತ, ಆಮ್ಯಾಲ ತಿಳೀತು.

ಹಿಂದ ಕುಂತಿದ್ದ ಹಿರಿಯರು "ತಮ್ಮಾ, ರೇಡಿಯೇಟರ್ ಮುಚ್ಚಳ ತೆಗ್ದು ನೀರು ಹಾಕು" ಅಂದ್ರು. "ಬ್ಯಾಡ್ರಿ ಯಜಮಾನ್ರ, ಮುಖ ಸುಟ್ಟೀತು" ಅಂದೆ. ಅದೊಂದೇ ಅವತ್ತು ನಾ ಮಾಡಿದ ಶಾಣ್ಯಾ ಕೆಲಸ. ಬೇವಿನ ಗಿಡದ ನೆರಳಾಗ ಒಂದು ತಾಸು ಕಾದು, ತಣ್ಣಗಾದ ಮ್ಯಾಲ ನೀರು ಹಾಕಿ, ನಿಂತು ನಿಂತು ಊರು ಮುಟ್ಟಿದ್ವಿ.

ಮರುದಿನ ಗ್ಯಾರೇಜಿನ ಚಾಚಾ, ಇಂಜಿನ್ ತಣ್ಣಗಿಡೋ ದ್ರವ ಅಂದ್ರ ಕೂಲೆಂಟ್ ಇರೋ ಬಾಟ್ಲಿಯೊಳಗ ಬೆರಳು ಅದ್ದಿ ನೋಡಿ, "ಬೇಟಾ, ಇದು ಕೂಲೆಂಟ್ ಅಲ್ಲ, ಚಹಾ ಆಗ್ಯದ" ಅಂದ. ಖರೇನ ಹಂಗೇ ಇತ್ತು, ಕೆಂಪು ತುಕ್ಕಿನ ನೀರು. ಒಂದು ಹೋಸ್ ಕ್ಲಿಪ್ ಸಡ್ಲಾಗಿ ಸೋರ್ತಿತ್ತು, ನಾನು ವಾರಕ್ಕೊಂದು ಬಾಟ್ಲಿ ಬೋರ್ ನೀರು ಹಾಕ್ತಾ ಎರಡು ವರ್ಷ ಕಳ್ದಿದ್ದೆ. ನಮ್ಮ ಕಡೆ ಬೋರ್ ನೀರು ಕಾಸಿದ ಹಂಡೆಯೊಳಗ ಬಿಳಿ ಪದರು ಕಟ್ತದಲ್ಲ, ಅದೇ ರೇಡಿಯೇಟರ್ ಒಳಗೂ ಕಟ್ಟಿತ್ತು, ಕೂಲೆಂಟ್ ರೇಡಿಯೇಟರಿಗೆ ಬಿಡೋ ಥರ್ಮೋಸ್ಟಾಟ್ ಅನ್ನೋ ವಾಲ್ವ್ ಹಿಡ್ಕೊಂಡಿತ್ತು. ಪುಣ್ಯಕ್ಕ ಇಂಜಿನ್ ತಲೆಗೂ ಬ್ಲಾಕಿಗೂ ನಡುವಿನ ಸೀಲು, ಹೆಡ್ ಗ್ಯಾಸ್ಕೆಟ್, ಉಳೀತು.

"ರಾಯಚೂರಾಗ ಹಿಮ ಬೀಳ್ತದೇನು, ಕೂಲೆಂಟ್ ಯಾಕ ಬೇಕು" ಅಂತ ಸ್ಟ್ಯಾಂಡಿನಾಗ ಎಲ್ರೂ ಅಂತಾರ, ನಾನೂ ಅಂತಿದ್ದೆ. ಆದ್ರ ಅದು ಹೆಪ್ಪುಗಟ್ಟದಂಗ ಕಾಯೋದೊಂದೇ ಅಲ್ಲ, ಕುದಿಯೋ ಮಟ್ಟ ಏರಿಸ್ತದ, ತುಕ್ಕು ತಡೀತದ. ತುಕ್ಕು ತಡಿಯೋ ಆ ಔಷಧ ವರ್ಷ ಕಳ್ದಂಗ ಸವೀತದ, ಗಾಡಿ ಓಡಿಸ್ಲಿಲ್ಲಂದ್ರೂ. ಹಳೇ ನಮೂನಿ ಹಸಿರು ಕೂಲೆಂಟಿಗೆ 2 ವರ್ಷ ಇಲ್ಲಾ 40,000 ಕಿಲೋಮೀಟರ್ ಅಂತ ಲೆಕ್ಕ, ಯಾವುದು ಮೊದ್ಲು ಬರ್ತದೋ ಅದು. ಲಾಂಗ್ ಲೈಫ್ ಅನ್ನೋವು 5 ವರ್ಷದ ತನಕ ಬರ್ತಾವ. ಬಣ್ಣ ನೋಡಿ ನಂಬಬ್ಯಾಡ್ರಿ, ಗಾಡಿ ಬುಕ್ ಏನು ಹೇಳ್ತದ ನೋಡಿ ಡಬ್ಬಿ ಓದಿ ತಗೋರಿ, ಎರಡು ನಮೂನಿ ಕೂಡಿಸಬ್ಯಾಡ್ರಿ.

ಆ ಸಲ ಚಾಚಾನೇ ತೊಳ್ದು ಹೊಸದು ಹಾಕಿದ, ಮುಂದಿಂದು ನಾನೇ ಮಾಡ್ದೆ. ಮುಂಜಾನಿ ತಣ್ಣನ ಇಂಜಿನ್, ಕೆಳಗ ಬುಟ್ಟಿ ಇಟ್ಟು ಡ್ರೈನ್ ಬಿಚ್ಚಿದೆ. ಇಲ್ಲೊಂದು ಲೆಕ್ಕ ಎಲ್ರೂ ತಪ್ತಾರ: ನನ್ನ ಗಾಡಿಗೆ 6 ಲೀಟರ್ ಹಿಡೀತದ, ಬಿಚ್ಚಿದ್ರ 4 ಅಷ್ಟೇ ಬರ್ತದ, ಉಳಿದಿದ್ದು ಬ್ಲಾಕ್, ಹೀಟರ್ ಒಳಗೇ ಇರ್ತದ. ಡಿಸ್ಟಿಲ್ಡ್ ವಾಟರ್‌ಲೆ ಮೂರು ಸಲ ತೊಳ್ದ ಮ್ಯಾಲ ಒಳಗ ಉಳಿದ 2 ಲೀಟರ್ ಬರೇ ನೀರು. ಅದಕ್ಕ ಅರ್ಧಕ್ಕರ್ಧ ಆಗ್ಬೇಕಂದ್ರ ನೀರು ಬೆರೆಸದ 3 ಲೀಟರ್ ಗಟ್ಟಿ ಕೂಲೆಂಟ್, ಮ್ಯಾಲ 1 ಲೀಟರ್ ಡಿಸ್ಟಿಲ್ಡ್ ನೀರು. ಈ ಡಿಸ್ಟಿಲ್ಡ್ ವಾಟರ್ ಅಂಗಡ್ಯಾಗ ಬ್ಯಾಟರಿ ನೀರು ಅಂತ ಕೇಳಿದ್ರ ಕೊಡ್ತಾರ, ಆಸಿಡ್ ಕೊಟ್ಟಾರು, ನೋಡಿ ತಗೋರಿ. ಹೀಟರ್ ಫುಲ್ ಇಟ್ಟು, ರೇಡಿಯೇಟರ್ ಫ್ಯಾನ್ ತಿರುಗೋ ತನಕ ಇಂಜಿನ್ ಓಡಿಸಿ ಗಾಳಿ ಹೊರಗ ಹಾಕ್ಬೇಕು, ತಣ್ಣಗಾದ ಮ್ಯಾಲ ಮತ್ತ ಲೆವೆಲ್ ನೋಡ್ಬೇಕು. ತೆಗ್ದಿದ್ದು ಗಟಾರಕ್ಕ ಚೆಲ್ಲಬ್ಯಾಡ್ರಿ, ಅದು ಸಿಹಿ ವಿಷ, ನಾಯಿ ನೆಕ್ಕಿದ್ರ ಸಾಯ್ತದ.

ಮಿಕ್ಕಿದ್ದೂ ಹೇಳಿಬಿಡ್ತೀನಿ. ಏರ್ ಫಿಲ್ಟರ್ ಬುಕ್ಕಿನ ಲೆಕ್ಕಕ್ಕ ಕಾಯಲ್ಲ, ಭತ್ತ ಕೊಯ್ಯೋ ದಿನದಾಗ ಸಿಂಧನೂರು ದಾರಿಯ ಧೂಳು ನುಂಗಿ ಅರ್ಧ ದಾರಿಗೇ ಕರ್ರಗಾಗ್ತದ. ಬ್ರೇಕ್ ಆಯಿಲ್ 2 ವರ್ಷಕ್ಕ, ಅದು ಗಾಳಿಯೊಳಗಿನ ತೇವ ಹೀರ್ತದ. ಇಂಜಿನ್ ಆಯಿಲ್, ಅದರ ಫಿಲ್ಟರ್ 10,000 ಕಿಲೋಮೀಟರಿಗೆ. ಬ್ಯಾಟರಿ ನಮ್ಮ ಬಿಸಿಲಿಗೆ ಮೂರು ವರ್ಷ ಬಂದ್ರ ಕೈ ಮುಗೀರಿ.

ಹಾಕಿದ ತಾರೀಖು, ಕಿಲೋಮೀಟರ್ ಬರ್ದು ಬಾನೆಟ್ ಒಳಗ ಟೇಪ್ ಹಚ್ಚೀನಿ. ಮೊನ್ನೆ ಚಾಚಾ ಅದನ್ನ ಓದಿ, "ನಿನ್ ಮದುವಿ ತಾರೀಖರ ನೆನಪದ ಏನೋ?" ಅಂದ.