ಏಳು ತಿಂಗಳ ಪ್ರಧಾನಿಯ ಬಗ್ಗೆ ಬರೆಯಲು ಹೋಗಿ

ವಿಶ್ವಕೋಶದ ಥರದ ಒಂದು ಸಂಪುಟಕ್ಕೆ, 1954–55ರಲ್ಲಿ ಫ್ರಾನ್ಸ್ ದೇಶದ ಪ್ರಧಾನಿಯಾಗಿದ್ದ ಪಿಯೆರ್ ಮಾಂದೆಸ್ ಫ್ರಾನ್ಸ್ ಬಗ್ಗೆ ಬರೆದುಕೊಡಿ ಅಂದರು. ಮನುಷ್ಯ ಅಧಿಕಾರದಲ್ಲಿ ಇದ್ದದ್ದೇ ಏಳೂವರೆ ತಿಂಗಳು, ಒಂದು ಸಂಜೆಯ ಕೆಲಸ ಅಂದುಕೊಂಡೆ. ಮೂರು ವಾರ ಹಿಡಿಯಿತು.

ಮೊದಲ ತಕರಾರು ಹೆಸರಿನದೇ. 'ಫ್ರಾನ್ಸ್ ಒಪ್ಪಿತು' ಅಂದರೆ ದೇಶ, 'ಫ್ರಾನ್ಸ್ ಒಪ್ಪಿದರು' ಅಂದರೆ ಪ್ರಧಾನಿ. ಕರಡು ತಿದ್ದುವವರು ನನ್ನ 'ದರು'ಗಳನ್ನೆಲ್ಲ ಅಚ್ಚುಕಟ್ಟಾಗಿ 'ತು' ಮಾಡಿ ಕಳಿಸಿದರು. ಪ್ರಧಾನಿ ಹೋಗಿ ದೇಶವೇ ರಾಜೀನಾಮೆ ಕೊಟ್ಟಿತ್ತು! ಆಮೇಲೆ ಎಲ್ಲ ಕಡೆ 'ಮಾಂದೆಸ್ ಫ್ರಾನ್ಸ್' ಎಂದೇ ಪೂರ್ತಿ ಬರೆದೆ. ಹುದ್ದೆಯದೂ ಅದೇ ಕತೆ. ಆಗ ಅಲ್ಲಿ ಪ್ರಧಾನಿಗೆ 'ಮಂತ್ರಿಪರಿಷತ್ತಿನ ಅಧ್ಯಕ್ಷ' ಎನ್ನುತ್ತಿದ್ದರು. ಹಾಗೇ ಬರೆದರೆ ರಾಷ್ಟ್ರಾಧ್ಯಕ್ಷ ರೆನೆ ಕೋಟಿ ಜೊತೆ ಗೋಜಲು. 'ಪ್ರಧಾನಿ' ಎಂದು ಹಾಕಿ ಕೈತೊಳೆದುಕೊಂಡೆ.

1907ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ್ದು, 25ಕ್ಕೇ ಸಂಸದ, ಲೂವಿಯೆ ಊರಿನ ಮೇಯರ್, ಎರಡನೇ ಮಹಾಯುದ್ಧದಲ್ಲಿ ಜೈಲಿನಿಂದ ತಪ್ಪಿಸಿಕೊಂಡು ಲಂಡನ್ ಸೇರಿದ್ದು, ಹೀಗೆ ಸಾಲಾಗಿ ಬರೆದ ಮೊದಲ ಕರಡು ಸಪ್ಪೆಯಾಗಿತ್ತು. ಹರಿದು ಹಾಕಿ, ಹಳೇ ಡೈರಿಯೊಂದರಲ್ಲಿ 1954ರ ಘಟನೆಗಳನ್ನು ಆಯಾ ತಾರೀಖಿನ ಪುಟದಲ್ಲೇ ಬರೆಯುತ್ತ ಹೋದೆ. ಆಗ ಆಸಾಮಿ ಕಾಣತೊಡಗಿದರು.

ಮೇ 7: ವಿಯೆಟ್ನಾಮಿನಲ್ಲಿದ್ದ ಫ್ರೆಂಚ್ ಸೇನಾನೆಲೆ ದಿಯೆನ್ ಬಿಯೆನ್ ಫು ಅಲ್ಲಿನ ಸ್ವಾತಂತ್ರ್ಯ ಹೋರಾಟಗಾರರ ವಶವಾಯಿತು. ಜೂನ್ 18: 419ಕ್ಕೆ 47 ಮತಗಳಿಂದ ಮಾಂದೆಸ್ ಫ್ರಾನ್ಸ್ ಪ್ರಧಾನಿ. ಜುಲೈ 20ರೊಳಗೆ ಆ ಯುದ್ಧಕ್ಕೆ ಕದನವಿರಾಮ ಆಗದಿದ್ದರೆ ಮನೆಗೆ ಹೋಗುತ್ತೇನೆಂದು ಅವರೇ ಗಡುವು ಹಾಕಿಕೊಂಡಿದ್ದರು. ಜಿನೀವಾದ ಸಂಧಾನದಲ್ಲಿ ಆ ದಿನದ ಮಧ್ಯರಾತ್ರಿ ಕಳೆದರೂ ಸಹಿ ಮುಗಿಯಲಿಲ್ಲ. ಮಾತು ಉಳಿಯಲೆಂದು ಗೋಡೆ ಗಡಿಯಾರ ನಿಲ್ಲಿಸಿದರಂತೆ. ಜುಲೈ 31ಕ್ಕೆ ಫ್ರೆಂಚರ ಹಿಡಿತದಲ್ಲಿದ್ದ ಟ್ಯುನೀಷಿಯಾಕ್ಕೆ ಹೋಗಿ ಸ್ವಾಯತ್ತತೆಯ ಭರವಸೆ ಕೊಟ್ಟರು.

ನವೆಂಬರ್ 1ರ ಪುಟದಲ್ಲಿ ಎರಡು ಸಾಲು ಬಿದ್ದವು. ಅಲ್ಜೀರಿಯಾದಲ್ಲಿ ಫ್ರೆಂಚ್ ಆಳ್ವಿಕೆಯ ವಿರುದ್ಧ ದಂಗೆ ಶುರು. ಅದೇ ದಿನ ಪಾಂಡಿಚೇರಿಯ ಆಡಳಿತ ಭಾರತದ ಕೈಗೆ. ಇಲ್ಲಿ ಬಿಟ್ಟುಕೊಟ್ಟ ಸರ್ಕಾರವೇ ಅಲ್ಲಿ 'ಅಲ್ಜೀರಿಯಾ ಎಂದರೆ ಫ್ರಾನ್ಸೇ' ಎಂದು ಪಟ್ಟು ಹಿಡಿಯಿತು. ಆ ಪುಟದ ಮೇಲೇ ಎರಡು ದಿನ ಕೂತೆ. ಪಾಂಡಿಚೇರಿ 1954ರಲ್ಲೇ ಭಾರತಕ್ಕೆ ಸೇರಿತೆಂದು ಬರೆದಿದ್ದು ನನ್ನದೇ ತಪ್ಪು. ಆಡಳಿತ ಮಾತ್ರ ಆಗ ಬಂದದ್ದು, ಕಾನೂನಿನ ಪ್ರಕಾರ ಸೇರಿದ್ದು 1962ರ ಆಗಸ್ಟ್ 16ಕ್ಕೆ.

ಆಗಸ್ಟ್ 30ರಂದು ಯುರೋಪಿನ ಜಂಟಿ ಸೇನೆಯ ಒಪ್ಪಂದವನ್ನು ಸಂಸತ್ತು 319–264ರಿಂದ ತಳ್ಳಿಹಾಕಿತ್ತು. 1955ರ ಫೆಬ್ರವರಿಯಲ್ಲಿ ಸರ್ಕಾರ ಬಿದ್ದದ್ದು 319–273ರಿಂದ. ಎರಡು ಕಡೆಯೂ 319 ನೋಡಿ ಕರಡಿನವರು ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಇರಲಿ ಬಿಡಿ, ನಿಜವಾಗಿಯೂ ಹಾಗೇ ಇದೆ ಅಂದೆ.

ಹಿಂದಿನ ಬದುಕಿನಿಂದ ಒಂದೇ ಒಂದನ್ನು ಉಳಿಸಿಕೊಂಡೆ: 1945ರಲ್ಲಿ ಮಂತ್ರಿಗಿರಿಗೆ ಕೊಟ್ಟ ರಾಜೀನಾಮೆ. ಬೆಲೆಯೇರಿಕೆ ತಡೆಯಲು ಚಲಾವಣೆಯ ಹಣಕ್ಕೆ ಬಿಗಿ ಕತ್ತರಿ ಹಾಕಬೇಕೆಂದು ಇವರು ಹಠ ಹಿಡಿದರು. ಆಗ ಸರ್ಕಾರದ ಮುಖ್ಯಸ್ಥರಾಗಿದ್ದ ದ ಗಾಲ್ ಇದನ್ನು ಒಪ್ಪದ ಇನ್ನೊಬ್ಬ ಮಂತ್ರಿ ಪ್ಲೆವೆನ್ ಪರ ನಿಂತರು. ಇವರು ಚೀಲ ಎತ್ತಿಕೊಂಡು ಹೊರಟರು. ಒಂಬತ್ತು ವರ್ಷದ ನಂತರ ತನಗೆ ತಾನೇ ಗಡುವು ಹಾಕಿಕೊಂಡವರು ಇದೇ ಮನುಷ್ಯ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ನನಗೆ ಇಷ್ಟವಾದದ್ದು ಹಾಲು. ವೈನಿನ ದೇಶದಲ್ಲಿ ಶಾಲಾ ಮಕ್ಕಳಿಗೆ ಲೋಟ ಹಾಲು ಕೊಡಿಸಿ, ಎಲ್ಲರೆದುರು ತಾವೂ ಹಾಲು ಕುಡಿದು ನಗೆಪಾಟಲಿಗೆ ಈಡಾದರು. ಅದಕ್ಕೆ ನಾಲ್ಕು ಸಾಲು ಮೀಸಲಿಟ್ಟಿದ್ದೆ. ಪುಟ ಕಟ್ಟುವಾಗ ಜಾಗ ಸಾಲದೆ ಆ ನಾಲ್ಕನ್ನೇ ತೆಗೆದುಬಿಟ್ಟರು.