ಅಕ್ಟೋಬರ್ 1ಕ್ಕೆ ಮೊದಲು ಹಳೇ ಕೋಡ್ ಹುಡುಕಿ

2025ರಲ್ಲಿ ಆಯುಧಪೂಜೆ ಅಕ್ಟೋಬರ್ 1ಕ್ಕೇ ಬಂದಿತ್ತು. ನಮ್ಮ ಬೆಂಗಳೂರಿನ ಆಫೀಸಿನಲ್ಲಿ ಹಿಂದಿನ ದಿನವೇ ಮಾನಿಟರ್‌ಗಳಿಗೆ ಕುಂಕುಮ ಹಚ್ಚಿ, ಲಿಫ್ಟ್ ಮುಂದೆ ಬೂದುಗುಂಬಳ ಒಡೆದು ಮುಗಿಸಿದ್ದೆವು. ಮೆಡಿಕಲ್ ಕೋಡಿಂಗ್ ಮಾಡುವವರಿಗೆ ಆ ತಾರೀಖು ರಜೆ ಹಾಕುವ ತಾರೀಖಲ್ಲ. ಅಮೆರಿಕದ ರೋಗನಿರ್ಣಯ ಕೋಡ್‌ಗಳು ಪ್ರತಿ ವರ್ಷ ಬದಲಾಗುವುದು ಅವತ್ತೇ. ಆ ಸಲ 487 ಹೊಸ ಕೋಡ್ ಬಂದವು, 28 ಹೋದವು.

ಈ ಕೆಲಸದ ಪರಿಚಯ ಇಲ್ಲದವರಿಗೆ ಒಂದೆರಡು ಮಾತು. ಅಮೆರಿಕದಲ್ಲಿ ವೈದ್ಯರು ಬರೆದ ರೋಗದ ಹೆಸರನ್ನು ಮೂರರಿಂದ ಏಳು ಅಕ್ಷರದ ಕೋಡ್‌ಗೆ ಇಳಿಸಿದರೆ ಮಾತ್ರ ವಿಮೆ ಕಂಪನಿ ದುಡ್ಡು ಕೊಡುತ್ತದೆ. ಆ ಕೋಡ್‌ಗಳ ಪಟ್ಟಿಗೆ ಐಸಿಡಿ-10-ಸಿಎಂ ಅಂತ ಹೆಸರು. ಇಲ್ಲಿ ಸಿಎಂ ಅಂದರೆ ಮುಖ್ಯಮಂತ್ರಿ ಅಲ್ಲ, ಕ್ಲಿನಿಕಲ್ ಮಾಡಿಫಿಕೇಶನ್. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯನ್ನು ಅಮೆರಿಕ ತನಗೆ ಬೇಕಾದಂತೆ ಹಿಗ್ಗಿಸಿಕೊಂಡಿದೆ. 2015ರ ಅಕ್ಟೋಬರ್ 1ರಿಂದ ಬಳಕೆಯಲ್ಲಿದೆ. ಒಟ್ಟು 70 ಸಾವಿರಕ್ಕಿಂತ ಜಾಸ್ತಿ ಕೋಡ್‌ಗಳು. ಬಾತುಕೋಳಿ ಬಂದು ಬಡಿದರೆ ಡಬ್ಲ್ಯು61.62, ಅತ್ತೆ-ಮಾವನ ಜೊತೆ ಹೊಂದಾಣಿಕೆ ಆಗದಿದ್ದರೆ ಝಡ್63.1. ತಮಾಷೆಯಲ್ಲ, ನಿಜವಾಗಲೂ ಇವೆ.

ಹೊಸದಾಗಿ ಈ ಕೆಲಸಕ್ಕೆ ಸೇರಿದವರು ಸೆಪ್ಟೆಂಬರ್ ಬಂತೆಂದರೆ ಹೊಸ ಕೋಡ್‌ಗಳನ್ನು ಬಾಯಿಪಾಠ ಮಾಡಲು ಕೂರುತ್ತಾರೆ. ನಾನೂ ಮಾಡಿದ್ದೆ. ಅದರಿಂದ ಶುರು ಮಾಡಬೇಡಿ. ಹೊಸ ಕೋಡ್ ಗೊತ್ತಿಲ್ಲದಿದ್ದರೆ ಹುಡುಕಿದಾಗ ಸಿಗುತ್ತದೆ. ಪಟ್ಟಿಯಿಂದ ತೆಗೆದ, ಅಂದರೆ ಸತ್ತ ಕೋಡ್ ಹಾಗಲ್ಲ. ಅದು ಸುಮ್ನೆ ಯಾವುದೋ ಟೆಂಪ್ಲೇಟ್‌ನಲ್ಲಿ ಕೂತಿರುತ್ತದೆ, ಕ್ಲೇಮ್, ಅಂದರೆ ವಿಮೆ ಕಂಪನಿಗೆ ಕಳಿಸಿದ ಬಿಲ್, ವಾಪಸ್ ಬಂದ ಮೇಲೇ ನಮಗೆ ಗೊತ್ತಾಗುವುದು.

ಮೊದಲು ಅಸಲಿ ಫೈಲ್ ಇಳಿಸಿಕೊಳ್ಳಿ

ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಮತ್ತು ಸರ್ಕಾರಿ ಆರೋಗ್ಯ ವಿಮೆ ನೋಡಿಕೊಳ್ಳುವ ಸಿಎಂಎಸ್ ವೆಬ್‌ಸೈಟ್‌ಗಳಲ್ಲಿ ಮುಂದಿನ ವರ್ಷದ ಫೈಲ್‌ಗಳು ಸಾಮಾನ್ಯವಾಗಿ ಜೂನ್-ಜುಲೈ ಹೊತ್ತಿಗೆ ಬಂದಿರುತ್ತವೆ. ಪುಕ್ಕಟೆ ಸಿಗುತ್ತವೆ, ಲಾಗಿನ್ ಕೂಡ ಬೇಡ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಓಡಾಡುವ 'ಹೊಸ ಕೋಡ್‌ಗಳು' ಪಿಡಿಎಫ್ ನಂಬಬೇಡಿ. ಅದರಲ್ಲಿ ಹೊಸವು ಇರುತ್ತವೆ, ಹೋದವು ಇರುವುದಿಲ್ಲ.

ನಿಮಗೆ ಬೇಕಾದ ಫೈಲ್ ಮೂರು. ಬಿಲ್ಲಿಗೆ ನಡೆಯುವ ಎಲ್ಲ ಕೋಡ್‌ಗಳ ಪಟ್ಟಿ, ಎಲ್ಲೆಲ್ಲಿ ಏನು ಸೇರಿತು ಏನು ಹೋಯಿತು ಎಂದು ಹೇಳುವ ಅಡೆಂಡಾ, ಆಮೇಲೆ ಕೋಡ್ ಹಾಕುವ ನಿಯಮಗಳಿರುವ ಗೈಡ್‌ಲೈನ್ಸ್. ಅವರ ಲೆಕ್ಕದಲ್ಲಿ ವರ್ಷ ಅಕ್ಟೋಬರ್‌ಗೇ ಶುರು. 2025ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಫೈಲ್ ಮೇಲೆ 2026 ಅಂತ ಇರುತ್ತದೆ. ಗಾಬರಿಯಾಗಬೇಡಿ.

ಸತ್ತವರ ಪಟ್ಟಿ

ನಾನು ಪಾಠ ಕಲಿತದ್ದು ಸೊಂಟನೋವಿನಿಂದ. 2021ರ ತನಕ ಸೊಂಟನೋವಿಗೆ ಎಂ54.5 ಎಂಬ ಕೋಡ್ ಇತ್ತು. ಫಿಸಿಯೋಥೆರಪಿ ಚಾರ್ಟ್ (ರೋಗಿಯ ಭೇಟಿಯ ದಾಖಲೆ) ಮಾಡುವವರಿಗೆ ಅದು ನಿದ್ದೆಯಲ್ಲೂ ಬರುವ ಕೋಡ್. ಆ ಅಕ್ಟೋಬರ್ 1ರಂದು ಅದನ್ನು ಮೂರಾಗಿ ಒಡೆದರು. ಎಂ54.50 ಅಂದರೆ ಕಾರಣ ಹೇಳದ ಸೊಂಟನೋವು, ಎಂ54.51 ಅಂದರೆ ಬೆನ್ನುಮೂಳೆಯಿಂದಲೇ ಬಂದ ನೋವು, ಮಿಕ್ಕಿದ್ದಕ್ಕೆ ಎಂ54.59. ಹೀಗೆ ಒಂದು ಕೋಡ್‌ಗೆ ಮಕ್ಕಳಾದರೆ ತಾಯಿ ಬಿಲ್ಲಿಗೆ ನಡೆಯುವುದಿಲ್ಲ, ಬರೀ ತಲೆಬರಹವಾಗಿ ಉಳಿಯುತ್ತದೆ.

ನಮ್ಮ ಟೀಮಿನವರಿಗೆಲ್ಲ ಇದು ಗೊತ್ತಿತ್ತು. ಟ್ರೈನಿಂಗ್ ಆಗಿತ್ತು, ಕ್ವಿಜ್‌ನಲ್ಲಿ ಎಲ್ಲರಿಗೂ ಒಳ್ಳೇ ಮಾರ್ಕ್ಸು. ಆದರೆ ಒಂದು ಕ್ಲಿನಿಕ್‌ನ ಸಿಸ್ಟಮ್‌ನಲ್ಲಿ ಹಳೇ ರೋಗಿಗಳು ಮತ್ತೆ ಬಂದಾಗ ಹಿಂದಿನ ಭೇಟಿಯ ಕೋಡ್ ತಾನಾಗಿಯೇ ಬಂದು ಕೂರುತ್ತಿತ್ತು. ಅವು ನಮ್ಮ ಕೈಗೆ ಬರದೆ ನೇರವಾಗಿ ಬಿಲ್ಲಿಂಗ್‌ಗೆ ಹೋಗುತ್ತಿದ್ದವು. ಎರಡು ವಾರ ಬಿಟ್ಟು ಡಿನಯಲ್‌ಗಳು, ಅಂದರೆ ದುಡ್ಡು ಕೊಡಲ್ಲ ಅಂತ ವಿಮೆ ಕಂಪನಿ ತಿರಸ್ಕರಿಸಿದ ಕ್ಲೇಮ್‌ಗಳು, ಕಂತೆಕಂತೆಯಾಗಿ ಬಂದವು. ಎಲ್ಲದರಲ್ಲೂ ಅದೇ ಎಂ54.5. ಆ ವರ್ಷ ಬಂದ ಹೊಸ ಕೋಡ್‌ಗಳು ಬರೀ 159. 'ಈ ಸಲ ಕೆಲಸ ಕಡಿಮೆ' ಅಂತ ಹೇಳಿಕೊಂಡು ತಿರುಗಿದವನು ನಾನೇ.

ಆವತ್ತಿನಿಂದ ನಾನು ಮಾಡುವುದು ಇಷ್ಟು. ಕಳೆದ ಆರು ತಿಂಗಳಲ್ಲಿ ನಿಮ್ಮ ಕ್ಲೈಂಟ್ ಬಳಸಿದ ಎಲ್ಲ ಕೋಡ್‌ಗಳ ರಿಪೋರ್ಟ್ ತೆಗೆಸಿ. ನೀವು ಹಾಕಿದ್ದು ಮಾತ್ರ ಅಲ್ಲ, ಬಿಲ್ಲಿಗೆ ಹೋದದ್ದೆಲ್ಲ ಬೇಕು. ಎಕ್ಸೆಲ್‌ನಲ್ಲಿ ಒಂದು ಕಾಲಂಗೆ ಅವನ್ನು ಹಾಕಿ, ಇನ್ನೊಂದಕ್ಕೆ ಹೊಸ ವರ್ಷದ ಪಟ್ಟಿ ಹಾಕಿ, ಒಂದರಲ್ಲಿರುವುದು ಇನ್ನೊಂದರಲ್ಲಿ ಇದೆಯಾ ಅಂತ ಹುಡುಕುವ ವಿಲುಕಪ್ ಸೂತ್ರ ಓಡಿಸಿ. ಪಟ್ಟಿಯಲ್ಲಿ ಸಿಗದೇ ಹೋದದ್ದು ಸತ್ತಿದೆ ಅಂತ ಅರ್ಥ.

ಇಲ್ಲೊಂದು ಕಿರಿಕಿರಿ ಇದೆ. ಸರ್ಕಾರದ ಪಟ್ಟಿಯಲ್ಲಿ ಕೋಡ್‌ಗಳ ನಡುವೆ ಚುಕ್ಕಿ ಇರುವುದಿಲ್ಲ. ಎಂ54.50 ಅನ್ನುವುದು ಅಲ್ಲಿ ಎಂ5450. ನಿಮ್ಮ ರಿಪೋರ್ಟ್‌ನಲ್ಲಿ ಚುಕ್ಕಿ ಇದ್ದರೆ ಒಂದೂ ತಾಳೆಯಾಗದೆ ಎಲ್ಲವೂ ಸತ್ತಂತೆ ಕಾಣುತ್ತವೆ. ಸಬ್‌ಸ್ಟಿಟ್ಯೂಟ್ ಹಾಕಿ ಚುಕ್ಕಿ ತೆಗೆಯಿರಿ, ಟ್ರಿಮ್ ಹಾಕಿ ಖಾಲಿ ಜಾಗ ತೆಗೆಯಿರಿ, ಆಮೇಲೆ ಮತ್ತೆ ನೋಡಿ. ಸಾವಿರ ಸಾಲು ಇದ್ದರೂ ಒಂದು ಕಾಫಿ ಮುಗಿಯುವುದರೊಳಗೆ ಆಗುತ್ತದೆ.

ಸವೆದ ಸೊಂಟದ ಡಿಸ್ಕ್‌ನ ಎಂ51.36 ಕೋಡ್ 2024ರಲ್ಲಿ ನಾಲ್ಕಾಗಿ ಒಡೆದಾಗ ನಮಗೆ ಆಗಸ್ಟ್‌ನಲ್ಲೇ ಸಿಕ್ಕಿಬಿತ್ತು. ಮತ್ತೆ ಅದೇ ಸೊಂಟ, ಆದರೆ ಈ ಸಲ ಡಿನಯಲ್ ಇಲ್ಲ.

ಹಳೇ ಕೋಡ್ ಎಲ್ಲೆಲ್ಲಿ ಅಡಗಿರುತ್ತದೆ?

ಸತ್ತವರ ಪಟ್ಟಿ ಸಿದ್ಧವಾದ ಮೇಲೆ ಮನೆಮನೆ ಹುಡುಕಬೇಕು. ಡಾಕ್ಟರ ಫೇವರಿಟ್ ಲಿಸ್ಟ್, ನೋಟ್ ಟೆಂಪ್ಲೇಟ್‌ಗಳು, ರೋಗಿಯ ಹಳೇ ಸಮಸ್ಯೆಗಳ ಪಟ್ಟಿ. ತಿಂಗಳಾನುಗಟ್ಟಲೆ ನಡೆಯುವ ಲ್ಯಾಬ್ ಆರ್ಡರ್‌ಗಳನ್ನಂತೂ ಮರೆಯಲೇಬೇಡಿ. ಜೂನ್‌ನಲ್ಲಿ ಬರೆದ ಆರ್ಡರ್‌ಗೆ ಡಿಸೆಂಬರ್‌ನಲ್ಲೂ ರಕ್ತ ತೆಗೆಯುತ್ತಿರುತ್ತಾರೆ, ಕೋಡ್ ಮಾತ್ರ ಜೂನಿನದೇ. ಆಮೇಲೆ ನಿಮ್ಮದೇ ಮೇಜು. ಮಾನಿಟರ್ ಅಂಚಿಗೆ ಅಂಟಿಸಿದ ಹಳದಿ ಚೀಟಿ ಇದೆಯಲ್ಲ, ಅದನ್ನು ಕಿತ್ತು ಹೊಸದು ಬರೆಯಿರಿ. ಪಕ್ಕದ ಸೀಟಿನವರದ್ದನ್ನೂ ಕೇಳಿ ಕಿತ್ತುಬಿಡಿ.

ಡಾಕ್ಟರು ಏನು ಬರೆದಿದ್ದಾರೆ?

ಕೋಡ್ ಒಡೆದರೆ ಅದಕ್ಕೆ ತಕ್ಕ ವಿವರ ಚಾರ್ಟ್‌ನಲ್ಲೂ ಇರಬೇಕು, ಅಲ್ವಾ? ಹಿಂದೆ ಕೆಮ್ಮು ಅಂದರೆ ಆರ್05, ಅಷ್ಟೇ. 2021ರಿಂದ ಅದಕ್ಕೆ ಆರು ಮಕ್ಕಳು. ಈಗ ಬಂದ ಕೆಮ್ಮು ಆರ್05.1, ಬಹಳ ದಿನದಿಂದ ಇರುವುದು ಆರ್05.3, ಕೆಮ್ಮಿ ಕೆಮ್ಮಿ ಪ್ರಜ್ಞೆ ತಪ್ಪಿದರೆ ಆರ್05.4. ಡಾಕ್ಟರು ಬರೀ 'ಕೆಮ್ಮು' ಅಂತ ಬರೆದರೆ ನಿಮಗೆ ಉಳಿಯುವುದು ಏನೂ ಹೇಳದ ಆರ್05.9.

ಬೊಜ್ಜಿನದು ಇನ್ನೂ ಸೂಕ್ಷ್ಮ. 2024ರ ಅಕ್ಟೋಬರ್‌ನಿಂದ ಇ66.811, ಇ66.812, ಇ66.813 ಎಂದು ಮೂರು ದರ್ಜೆಯ ಕೋಡ್‌ಗಳಿವೆ. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 30ರಿಂದ 35ರೊಳಗೆ ಒಂದನೇ ದರ್ಜೆ, 40 ಮತ್ತು ಮೇಲೆ ಮೂರನೇದು. ಚಾರ್ಟ್‌ನಲ್ಲಿ ಬಿಎಂಐ 42 ಅಂತ ಕಾಣುತ್ತದೆ, ಡಾಕ್ಟರು 'ಬೊಜ್ಜು' ಅಂತ ಮಾತ್ರ ಬರೆದಿದ್ದಾರೆ. ಕೈ ತುರಿಸುತ್ತದೆ, ಮೂರನೇ ದರ್ಜೆ ಹಾಕಿಬಿಡೋಣ ಅನಿಸುತ್ತದೆ. ಹಾಕಬೇಡಿ. ಬಿಎಂಐ ಅಂಕಿಯನ್ನು ನರ್ಸ್ ಬರೆದರೂ ನಡೆಯುತ್ತದೆ, ಆದರೆ ರೋಗವನ್ನು ಡಾಕ್ಟರೇ ಹೇಳಬೇಕು. ವಿವರ ಕೇಳಿ ಡಾಕ್ಟರಿಗೆ ಕ್ವೆರಿ ಕಳಿಸಿ, ಉತ್ತರಕ್ಕೆ ಕಾಯಿರಿ.

2025ರ ಅಕ್ಟೋಬರ್‌ನಲ್ಲಿ ಬಂದ ಇ11.ಎ ಕೂಡ ಇದೇ ಜಾತಿಯದು. ಎರಡನೇ ಬಗೆಯ ಸಕ್ಕರೆ ಕಾಯಿಲೆ ರೆಮಿಶನ್‌ಗೆ ಹೋಗಿದ್ದರೆ, ಅಂದರೆ ಸದ್ಯಕ್ಕೆ ಅಡಗಿದ್ದರೆ, ಈ ಕೋಡ್. 'ವಾಸಿಯಾಗಿದೆ' ಅಂತ ಬರೆದರೆ ಅದು ರೆಮಿಶನ್ ಆಗುವುದಿಲ್ಲ. ರಿಪೋರ್ಟ್‌ನಲ್ಲಿ ಶುಗರ್ ನಾರ್ಮಲ್ ಇದೆ ಅಂತ ನೀವಾಗಿಯೇ ತೀರ್ಮಾನ ಮಾಡುವುದೂ ತಪ್ಪು.

ಈ ಬಗೆಯ ಸೂಚನೆಗಳೆಲ್ಲ ಗೈಡ್‌ಲೈನ್ಸ್‌ನಲ್ಲಿರುತ್ತವೆ. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ದಪ್ಪ ಅಕ್ಷರದಲ್ಲಿರುವುದನ್ನಾದರೂ ಓದಿ. ಆ ವರ್ಷ ಬದಲಾದ ಮಾತುಗಳನ್ನು ಹಾಗೇ ಅಚ್ಚು ಹಾಕುತ್ತಾರೆ. ಅಡೆಂಡಾದಲ್ಲಿ ಎಕ್ಸ್‌ಕ್ಲೂಡ್ಸ್1 ಎಂಬ ಸಾಲುಗಳ ಮೇಲೂ ಒಂದು ಕಣ್ಣಿಡಿ. ಈ ಎರಡು ಕೋಡ್ ಒಟ್ಟಿಗೆ ಹಾಕಬಾರದು ಅಂತ ಅದರ ಅರ್ಥ. ಕೋಡ್ ಬದಲಾಗದೆಯೇ ಈ ಸಾಲು ಬದಲಾಗಿರಬಹುದು.

ತಾರೀಖಿನ ಲೆಕ್ಕ

ಕ್ಯೂಎಯಲ್ಲಿ, ಅಂದರೆ ನಮ್ಮ ಕೆಲಸದ ಗುಣಮಟ್ಟದ ತಪಾಸಣೆಯಲ್ಲಿ, ಅಕ್ಟೋಬರ್ ತಿಂಗಳಲ್ಲಿ ಜಾಸ್ತಿ ಸಿಕ್ಕಿಬೀಳುವುದು ಇಲ್ಲೇ. ನೀವು ಯಾವತ್ತು ಕೋಡ್ ಮಾಡಿದಿರಿ ಅನ್ನುವುದು ಲೆಕ್ಕಕ್ಕಿಲ್ಲ. ಹೊರರೋಗಿಯಾದರೆ ಡಾಕ್ಟರನ್ನು ಕಂಡ ದಿನ ನೋಡಬೇಕು. ಸೆಪ್ಟೆಂಬರ್ 30ರ ಭೇಟಿಯನ್ನು ನೀವು ಅಕ್ಟೋಬರ್ 10ಕ್ಕೆ ಮಾಡುತ್ತಿದ್ದರೂ ಹಳೇ ಕೋಡ್. ಆಸ್ಪತ್ರೆಯಲ್ಲಿ ದಾಖಲಾದವರಿಗೆ ಬಿಡುಗಡೆಯ ದಿನ ನೋಡಬೇಕು. ಸೆಪ್ಟೆಂಬರ್ 28ಕ್ಕೆ ಸೇರಿ ಅಕ್ಟೋಬರ್ 2ಕ್ಕೆ ಮನೆಗೆ ಹೋದರೆ ಪೂರ್ತಿ ಚಾರ್ಟ್‌ಗೆ ಹೊಸ ಕೋಡ್.

ಒಂದು ಕಾಲದಲ್ಲಿ 90 ದಿನ ಹಳೇ ಕೋಡನ್ನೂ ಒಪ್ಪುತ್ತಿದ್ದರು. 2004ರಲ್ಲಿ ಅದನ್ನು ತೆಗೆದರು. ಈಗ ಒಂದು ದಿನದ ರಿಯಾಯಿತಿಯೂ ಇಲ್ಲ. ಅದಕ್ಕೇ ಹಳೇ ವರ್ಷದ ಪಟ್ಟಿಯನ್ನು ಡಿಲೀಟ್ ಮಾಡಬೇಡಿ, ಬಾಕಿ ಚಾರ್ಟ್‌ಗಳಿಗೆ ಬೇಕಾಗುತ್ತದೆ. ಎನ್‌ಕೋಡರ್ (ಕೋಡ್ ಹುಡುಕಿಕೊಡುವ ಸಾಫ್ಟ್‌ವೇರ್) ಬಳಸುವವರು ಮೊದಲು ಮೇಲಿನ ಮೂಲೆಯ ತಾರೀಖು ಸರಿಯಾಗಿದೆಯಾ ನೋಡಿ. ಅದು ಇವತ್ತಿನ ದಿನಕ್ಕೆ ನಿಂತಿದ್ದರೆ ನಿಮ್ಮ ಸೆಪ್ಟೆಂಬರ್ ಚಾರ್ಟ್‌ಗೂ ಹೊಸ ಕೋಡನ್ನೇ ತೋರಿಸುತ್ತದೆ.

ಕೋವಿಡ್ ಶುರುವಾದಾಗ ಈ ತಾರೀಖಿನ ಕಷ್ಟ ಚೆನ್ನಾಗಿ ಅರ್ಥವಾಯಿತು. ಯು07.1 ಎಂಬ ಕೋವಿಡ್ ಕೋಡ್ ಅಕ್ಟೋಬರ್‌ವರೆಗೂ ಕಾಯದೆ 2020ರ ಏಪ್ರಿಲ್ 1ಕ್ಕೇ ಜಾರಿಗೆ ಬಂತು. ಮಾರ್ಚ್ 31ರ ಭೇಟಿಗೆ ಕೊರೊನಾ ಬಗೆಯ ವೈರಸ್‌ಗಳಿಗಿದ್ದ ಹಳೇ ಬಿ97.29, ಮರುದಿನದ ಭೇಟಿಗೆ ಯು07.1. ಅದೇ ವೈರಸ್, ಅದೇ ಡಾಕ್ಟರು.

ಅಕ್ಟೋಬರ್ ಆದ ಮೇಲೆ

ಮೊದಲ ಮೂರು ವಾರ ಡಿನಯಲ್ ರಿಪೋರ್ಟನ್ನು ದಿನಾ ನೋಡಿ. ಒಂದೇ ಕೋಡ್ ಎರಡು ಸಲ ಕಂಡರೆ ಸಾಕು, ಬಿಲ್ಲಿಂಗ್‌ನವರಿಗೆ ಫೋನ್ ಮಾಡಿ ಎಲ್ಲಿಂದ ಬರುತ್ತಿದೆ ಅಂತ ಕೇಳಿ. ಮೇಲ್ ಹಾಕಿ ಕೂತರೆ ಅಷ್ಟರಲ್ಲಿ ಇನ್ನೂ ಐವತ್ತು ಹೋಗಿರುತ್ತವೆ.

ವರ್ಷಕ್ಕೆ ಒಂದೇ ಸಲ ಅಂದುಕೊಳ್ಳಬೇಡಿ. 2022ರಿಂದ ಏಪ್ರಿಲ್ 1ಕ್ಕೂ ಸಣ್ಣದೊಂದು ಕಂತು ಬರುವ ಪದ್ಧತಿ ಶುರುವಾಗಿದೆ. ಆ ಮೊದಲ ಕಂತಿನಲ್ಲಿದ್ದದ್ದು ಮೂರೇ ಕೋಡ್, ಲಸಿಕೆ ಹಾಕಿಸಿಕೊಳ್ಳದವರಿಗೆ ಮತ್ತು ಅರ್ಧಕ್ಕೆ ಬಿಟ್ಟವರಿಗೆ ಸಂಬಂಧಿಸಿದ್ದು. ಏಪ್ರಿಲ್ 1 ಅಂದರೆ ನಮ್ಮಲ್ಲಿ ಯುಗಾದಿಯ ಆಸುಪಾಸು, ಅರ್ಧ ಟೀಮ್ ಊರಿಗೆ ಹೋಗಿರುತ್ತದೆ. ಎಕ್ಸೆಲ್ ಫೈಲ್ ಎಲ್ಲಿದೆ ಅಂತ ಒಬ್ಬರಿಗಾದರೂ ಹೇಳಿ ಬಸ್ ಹತ್ತಿ.