ಸರ್ವಿಸಿಗೆ ಬಿಟ್ಟ ಕಾರು ಗೀರಿಲ್ಲದೆ ಮರಳಬೇಕಾದರೆ

ಆಯಿಲ್ ಬದಲಿಸಲು ಬಿಟ್ಟ ಕಾರು ಸಂಜೆ ಕೈಗೆ ಬರುವಾಗ ಫಳಫಳ ಹೊಳೆಯುತ್ತಿರುತ್ತದೆ. ಮರುದಿನ ಬೆಳಗ್ಗಿನ ಬಿಸಿಲಿಗೆ ನಿಲ್ಲಿಸಿ ನೋಡಿ: ಬಾನೆಟಿನಲ್ಲಿ ಸೂರ್ಯ ಪ್ರತಿಫಲಿಸುವ ಜಾಗದ ಸುತ್ತ ಜೇಡರ ಬಲೆಯಂತೆ ನವಿರು ಗೀರುಗಳು. ಕಪ್ಪು, ಕಡುನೀಲಿ, ಕಡುಗೆಂಪು ಕಾರುಗಳಲ್ಲಿ ಇವು ಎದ್ದು ಕಾಣುತ್ತವೆ. ಬಿಳಿ ಕಾರಿನಲ್ಲೂ ಇರುತ್ತವೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಈ ಗೀರುಗಳಲ್ಲಿ ಹೆಚ್ಚಿನವು ಮೆಕ್ಯಾನಿಕನ ಸ್ಪ್ಯಾನರಿನಿಂದ ಆದವಲ್ಲ. ಎಲ್ಲ ಕೆಲಸ ಮುಗಿದ ಮೇಲೆ ಪುಕ್ಕಟೆಯಾಗಿ ಸಿಗುವ ವಾಟರ್ ಸರ್ವಿಸಿನಿಂದ ಆದವು.

ಕಾರಿನ ಮೈಮೇಲಿನ ಲೇಪವೆಲ್ಲ ಸೇರಿದರೂ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಹೊಳಪು ಕೊಡುವ, ಬಣ್ಣವನ್ನು ಕಾಯುವ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಬರೇ 35ರಿಂದ 50 ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದು ನೆನೆಸಿಕೊಂಡರೆ ಈ ಪದರ ಎಷ್ಟು ತೆಳು ಎಂದು ತಿಳಿದೀತು. ನಮ್ಮ ಕಾಸರಗೋಡಿನ ಕಾರುಗಳ ಮೇಲೆ ಕೂರುವುದು ಮೆತ್ತಗಿನ ಧೂಳಲ್ಲ. ಬದಿಯಡ್ಕ, ಮುಳ್ಳೇರಿಯ, ಪೆರ್ಲ ಕಡೆಯ ರಸ್ತೆಗಳಲ್ಲಿ ಮುರಕಲ್ಲಿನ ಕೆಂಪು ಹುಡಿ. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲ ಬದಿಯಲ್ಲಿ ಹೊಯಿಗೆ ಮತ್ತು ಉಪ್ಪುಗಾಳಿ. ಹೊಯಿಗೆಯ ಕಣ ಕ್ಲಿಯರ್ ಕೋಟಿಗಿಂತ ಎಷ್ಟೋ ಗಟ್ಟಿ. ಅದು ಕೂತಿರುವಾಗ ಬಟ್ಟೆ ಹಾಕಿ ಒರೆಸಿದರೆ ಮರಳು ಕಾಗದದಲ್ಲಿ ಉಜ್ಜಿದಂತೆಯೇ.

ಸರ್ವಿಸ್ ಸೆಂಟರಿನ ತೊಳೆಯುವ ಜಾಗದಲ್ಲಿ ನಡೆಯುವುದೂ ಇದೇ. ಬೆಳಗಿನಿಂದ ಬಂದ ಕಾರುಗಳಿಗೆಲ್ಲ ಒಂದೇ ಸ್ಪಂಜು, ಒಂದೇ ಬಾಲ್ದಿ. ಚಕ್ರ ಉಜ್ಜಿದ ಸ್ಪಂಜೇ ಬಾನೆಟಿಗೂ ಬರುತ್ತದೆ. ನೆಲಕ್ಕೆ ಬಿದ್ದರೆ ಹೆಕ್ಕಿ, ಒಮ್ಮೆ ಹಿಂಡಿ, ಮತ್ತೆ ಉಜ್ಜುವುದು. ಒಣಗಿಸಲು ಅದೇ ಹಳೆಯ ಬೈರಾಸು. ಒಂದು ಕಾರಿಗೆ ಹತ್ತು ಹದಿನೈದು ನಿಮಿಷ ಸಿಗುವ ಹುಡುಗರನ್ನು ದೂರಿ ಫಲವಿಲ್ಲ. ಆ ಜಾಗಕ್ಕೆ ಕಾರು ಹೋಗದಂತೆ ನೋಡಿಕೊಳ್ಳುವುದೇ ಉಪಾಯ.

ಹಿಂದಿನ ದಿನ ಮನೆಯಲ್ಲೇ ತೊಳೆಯಿರಿ

ಕೆಸರು ಮೆತ್ತಿದ ಕಾರನ್ನು ಒಯ್ದು ‘ತೊಳೆಯಬೇಡಿ’ ಎಂದರೆ ಯಾರೂ ಕೇಳುವುದಿಲ್ಲ. ಗಲೀಜು ಕಾರನ್ನು ಗಿರಾಕಿಗೆ ಮರಳಿಸಲು ಅವರಿಗೂ ಮುಜುಗರ. ಶುಚಿಯಾದ ಕಾರಿಗೆ ಆ ಮಾತು ನಡೆಯುತ್ತದೆ. ಇನ್ನೊಂದು ಲಾಭವೂ ಇದೆ. ಮೆಕ್ಯಾನಿಕ್ ಮಡ್‌ಗಾರ್ಡಿಗೆ ಒರಗಿ ಬಗ್ಗಿದಾಗ ಅವನ ಬಟ್ಟೆ ಮತ್ತು ಬಣ್ಣದ ನಡುವೆ ಹುಡಿ ಇರುವುದಿಲ್ಲ.

ಬೇಕಾದದ್ದು 15 ಲೀಟರಿನ ಎರಡು ಬಾಲ್ದಿ, ಕಾರ್ ಶಾಂಪೂ, ಮೈಕ್ರೋಫೈಬರ್ ಕೈಗವಸು, ಒಣಗಿಸಲು ದಪ್ಪನೆಯ ಮೈಕ್ರೋಫೈಬರ್ ಬೈರಾಸು. ಒಂದು ಬಾಲ್ದಿಗೆ ಶಾಂಪೂ ನೀರು, ಇನ್ನೊಂದಕ್ಕೆ ಬರೇ ನೀರು. ಕಾರು ನೆರಳಿನಲ್ಲಿರಲಿ, ಬಾನೆಟ್ ಮುಟ್ಟಿದರೆ ತಣ್ಣಗಿರಲಿ. ಮೊದಲು ಪೈಪಿನ ನೀರನ್ನು ಮೇಲಿನಿಂದ ಕೆಳಕ್ಕೆ ಧಾರಾಳ ಬಿಡಿ. ಒಣಗಿ ಅಂಟಿದ ಕೆಂಪು ಕೆಸರು ನೆನೆಯಲು ಐದು ನಿಮಿಷ ಬಿಟ್ಟು ಮತ್ತೊಮ್ಮೆ ಬಿಡಿ. ಅರ್ಧಕ್ಕರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಆಮೇಲೆ ಕೈಗವಸನ್ನು ಶಾಂಪೂ ನೀರಿನಲ್ಲಿ ಅದ್ದಿ ಉಜ್ಜಿ: ಮೊದಲು ಕಾರಿನ ಮಾಡು, ಆಮೇಲೆ ಗಾಜು, ಬಾನೆಟ್, ಬಾಗಿಲಿನ ಮೇಲರ್ಧ, ಕೊನೆಗೆ ಕೆಳಗರ್ಧ ಮತ್ತು ಬಂಪರ್. ಒಂದೊಂದು ಭಾಗ ಮುಗಿದಂತೆ ಕೈಗವಸನ್ನು ಬರೇ ನೀರಿನ ಬಾಲ್ದಿಯಲ್ಲಿ ಜಾಲಿಸಿ, ನಂತರವೇ ಶಾಂಪೂವಿಗೆ ಅದ್ದಿ. ಒತ್ತಡ ಬೇಡ, ಕೈಯ ಭಾರ ಸಾಕು. ಉಜ್ಜುವುದು ನೇರವಾಗಿ, ಉರುಟಾಗಿ ಅಲ್ಲ. ಚಕ್ರಗಳಿಗೆ ಬೇರೆಯೇ ಬಟ್ಟೆ, ಏಕೆಂದರೆ ಬ್ರೇಕಿನಿಂದ ಉದುರುವ ಹುಡಿಯಲ್ಲಿ ಕಬ್ಬಿಣದ ಕಣಗಳಿರುತ್ತವೆ. ಪಾತ್ರೆ ತೊಳೆಯುವ ಸೋಪು ಬೇಡ. ಅದು ಜಿಡ್ಡಿನ ಜೊತೆ ಮೇಲಿರುವ ವ್ಯಾಕ್ಸನ್ನೂ ಕಿತ್ತುಹಾಕುತ್ತದೆ.

ಒಣಗಿಸುವಾಗ ಬೈರಾಸನ್ನು ಹರಡಿ, ಮೆಲ್ಲನೆ ತಟ್ಟಿ ಎತ್ತಿ. ಬೋರ್‌ವೆಲ್ ನೀರು ಒಣಗಿ ಬಿಳಿ ಕಲೆ ಉಳಿಯುತ್ತದೆ ಎಂದಾದರೆ ಕೊನೆಯ ಎರಡು ಬಾಲ್ದಿಯಾದರೂ ಬಾವಿಯದ್ದೋ, ಗುಡ್ಡ ಕೊರೆದು ನೀರು ತರುವ ಸುರಂಗದ್ದೋ ಹಾಕಿ. ಹೆದ್ದಾರಿ ಕಾಮಗಾರಿಯ ಬದಿ ಓಡಾಡಿದ ಕಾರಿಗೆ ಟಾರಿನ ಕಪ್ಪು ಚುಕ್ಕೆ ಅಂಟಿರಬಹುದು. ಅದನ್ನು ಉಗುರಿನಿಂದ ಕೆರೆಯದೆ ಟಾರ್ ರಿಮೂವರ್ ಹಾಕಿ ಒಂದು ನಿಮಿಷ ಬಿಟ್ಟು ಒರೆಸಿ.

ತೊಳೆದು ಒಣಗಿದ ಮೇಲೆ ಫೋಟೋ ತೆಗೆದಿಡಿ. ನಾಲ್ಕು ಬಾಗಿಲು, ನಾಲ್ಕು ಮಡ್‌ಗಾರ್ಡ್, ಬಾನೆಟ್, ಡಿಕ್ಕಿ, ಎರಡು ಬಂಪರ್, ನಾಲ್ಕು ಚಕ್ರ. ಮೊದಲೇ ಇರುವ ಗೀರುಗಳನ್ನು ಹತ್ತಿರದಿಂದಲೂ ತೆಗೆಯಿರಿ. ಹುಡಿ ಕೂತ ಕಾರಿನ ಫೋಟೋ ಮುಂದೆ ಯಾವ ವಾದಕ್ಕೂ ಆಧಾರವಾಗದು.

ಜಾಬ್ ಕಾರ್ಡಿನಲ್ಲಿ ಬರೆಯಿಸಿ

ಬಾಯಿಮಾತಿಗೆ ಬೆಲೆ ಇಲ್ಲ. ನಿಮ್ಮ ಮಾತು ಕೇಳಿದ ಸರ್ವಿಸ್ ಅಡ್ವೈಸರ್ ತೊಳೆಯುವ ಜಾಗದಲ್ಲಿ ಇರುವುದಿಲ್ಲ, ಅಲ್ಲಿರುವವರಿಗೆ ನಿಮ್ಮ ಮಾತು ತಲುಪುವುದಿಲ್ಲ. ಕಾರು ಬಿಡುವಾಗ ಮಾಡಬೇಕಾದ ಕೆಲಸಗಳನ್ನು ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ ಮೂರು ಸಾಲು ಬರೆಯಿಸಿ, ಅದನ್ನು ಓದಿದ ಮೇಲೆಯೇ ಸಹಿ ಹಾಕಿ: ಹೊರಗೆ ತೊಳೆಯುವುದು ಬೇಡ, ಒಣ ಬಟ್ಟೆಯಲ್ಲಿ ಒರೆಸುವುದು ಬೇಡ, ಪಾಲಿಶ್ ಬೇಡ. ಎರಡನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ತೊಳೆಯದ ಕಾರನ್ನು ಕೊಡುವ ಮುಂಚೆ ‘ಒಂದು ಕೈ ಒರೆಸೋಣ’ ಎಂದು ಒಣ ಬಟ್ಟೆ ಎಳೆದರೆ ತೊಳೆದದ್ದಕ್ಕಿಂತ ಹೆಚ್ಚು ಹಾಳು.

ಜೊತೆಗೆ ಒಂದು ಕಾಗದದಲ್ಲಿ ದೊಡ್ಡದಾಗಿ ಬರೆದು ಸ್ಟಿಯರಿಂಗಿಗೆ ಕಟ್ಟಿ, ಇನ್ನೊಂದನ್ನು ಮುಂದಿನ ಗಾಜಿನ ಒಳಬದಿಗೆ ಅಂಟಿಸಿ. ಕಾಸರಗೋಡಿನಲ್ಲಾದರೆ ಮಲಯಾಳದಲ್ಲೂ ಇರಲಿ: ‘ವಂಡಿ ಕಳುಗರುದ್’, ಅಂದರೆ ಗಾಡಿ ತೊಳೆಯಬಾರದು. ತಲಪಾಡಿ ದಾಟಿ ಮಂಗಳೂರಿಗೆ ಒಯ್ಯುವವರು ಕನ್ನಡದ ಜೊತೆ ಹಿಂದಿಯಲ್ಲೂ ಬರೆದರೆ ಒಳ್ಳೆಯದು. ತೊಳೆಯುವ ಕೆಲಸದಲ್ಲಿ ಉತ್ತರ ಭಾರತದ ಹುಡುಗರೂ ಇರುತ್ತಾರೆ.

ಓಣಂ, ವಿಷುವಿನ ಹಿಂದಿನ ವಾರ ಹೋಗದಿರುವುದು ಮೇಲು. ಗಡಿಬಿಡಿಯಲ್ಲಿ ಚೀಟಿ ಓದುವವರಿಲ್ಲ.

ಕೆಲಸದ ಹೊತ್ತಿನಲ್ಲಿ ಆಗುವ ಹಾನಿ

ಬಾನೆಟ್ ತೆರೆದಾಗ ಎರಡೂ ಮಡ್‌ಗಾರ್ಡಿನ ಮೇಲೆ ಕವರ್ ಹಾಸುವುದು ಕ್ರಮ. ಆದರೆ ಅಲ್ಲಿನ ಕವರಿನ ಅಡಿಯಲ್ಲಿ ಲೋಹದ ಚೂರು, ಹುಡಿ ಅಂಟಿದ್ದರೆ ಅದೇ ಗೀರು ಎಳೆಯುತ್ತದೆ. ಒಗೆದ ಹಳೆಯ ಹತ್ತಿ ಹೊದಿಕೆಯೊಂದನ್ನು ಮಡಚಿ ಮುಂದಿನ ಸೀಟಿನ ಮೇಲಿಟ್ಟು, ಇದನ್ನೇ ಹಾಸಿ ಎಂದು ಹೇಳಿ. ಬೆಲ್ಟಿನ ಬಕ್ಕಲ್, ಜೇಬಿನ ಟೆಸ್ಟರ್ ತಾಗುವುದು ಮಡ್‌ಗಾರ್ಡಿನ ಮೇಲಂಚಿಗೆ. ಮರಳಿ ಪಡೆಯುವಾಗ ಅಲ್ಲಿ ನೋಡಬೇಕು. ಎರಡು ಕಂಬದ ಲಿಫ್ಟಿನಲ್ಲಿ ಬಾಗಿಲು ತೆರೆದರೆ ಅಂಚು ಕಂಬಕ್ಕೆ ಬಡಿಯುತ್ತದೆ. ಹಾಗಾಗಿ ಬಾಗಿಲಿನ ಅಂಚೂ ನೋಡುವ ಪಟ್ಟಿಯಲ್ಲಿರಲಿ.

ಎಲ್ಲಕ್ಕಿಂತ ಅಪಾಯದ್ದು ಬ್ರೇಕ್ ಆಯಿಲ್. ಅದರ ದರ್ಜೆಗಳಾದ ಡಾಟ್ 3, ಡಾಟ್ 4 ಎರಡೂ ಗ್ಲೈಕಾಲ್ ಜಾತಿಯ ದ್ರವಗಳು; ಬಣ್ಣದ ಮೇಲೆ ಬಿದ್ದರೆ ಅದನ್ನು ಮೆತ್ತಗಾಗಿಸಿ, ಉಬ್ಬಿಸಿ, ಸಿಪ್ಪೆಯಂತೆ ಏಳಿಸುತ್ತವೆ. ಬಿದ್ದ ಕೂಡಲೇ ಬಟ್ಟೆಯಲ್ಲಿ ಒರೆಸುವುದು ಎಲ್ಲರ ಕೈಗೆ ತನ್ನಿಂತಾನೇ ಬರುವ ಕೆಲಸ, ಅದೇ ತಪ್ಪು: ದ್ರವ ಹರಡುತ್ತದೆ, ಮೆತ್ತಗಾದ ಬಣ್ಣವೂ ಕಿತ್ತು ಬರುತ್ತದೆ. ಇದು ನೀರಿನಲ್ಲಿ ಕರಗುವ ದ್ರವ. ನೀರು ಸುರಿಯಬೇಕು, ಎರಡು ಮೂರು ನಿಮಿಷ ಸುರಿಯುತ್ತಲೇ ಇರಬೇಕು, ಆಮೇಲೆ ಶಾಂಪೂ ನೀರು. ಬ್ರೇಕ್ ಆಯಿಲ್ ಬದಲಿಸುವ ಸರ್ವಿಸ್ ಆದರೆ ಪಕ್ಕದಲ್ಲಿ ಒಂದು ಬಾಲ್ದಿ ನೀರಿಡಲು ಅಡ್ವೈಸರಿಗೆ ಹೇಳಿ. ಬ್ಯಾಟರಿಯ ಆ್ಯಸಿಡ್ ತಾಗಿದರೂ ಮೊದಲು ನೀರು, ನಂತರ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕಲಸಿ ಹಾಕಿ ಮತ್ತೆ ನೀರು. ಎಂಜಿನ್ ಆಯಿಲ್ ಇಷ್ಟು ಕ್ರೂರಿಯಲ್ಲ, ಶಾಂಪೂ ನೀರಿನಲ್ಲಿ ಹೋಗುತ್ತದೆ.

ಉಪ್ಪುಗಾಳಿಯ ಊರಾದ್ದರಿಂದ ಮಳೆಗಾಲಕ್ಕೆ ಮುಂಚೆ ಅಡಿಭಾಗಕ್ಕೆ ತುಕ್ಕು ತಡೆಯುವ ಕಪ್ಪು ಲೇಪ ಹಾಕಿಸುವವರು ಬಹಳ. ಅದು ಒಳ್ಳೆಯದೇ. ಆದರೆ ಸ್ಪ್ರೇಯ ಹನಿ ಹಾರಿ ಬಾಗಿಲಿನ ಕೆಳಗೆ, ಬಂಪರಿನ ಅಂಚಿಗೆ ಚುಕ್ಕೆ ಚುಕ್ಕೆಯಾಗಿ ಕೂರುತ್ತದೆ. ಕೆಳಗಿನ ಒಂದಡಿ ಎತ್ತರಕ್ಕೆ ಪೇಪರ್ ಮತ್ತು ಮಾಸ್ಕಿಂಗ್ ಟೇಪ್ ಅಂಟಿಸಿ ಹೊಡೆಯಲು ಹೇಳಿ. ಬಾಗಿಲಿನ ತಳದಲ್ಲಿ ನೀರಿಳಿಯುವ ಸಣ್ಣ ತೂತುಗಳಿವೆ. ಲೇಪ ಅವನ್ನು ಮುಚ್ಚಿದರೆ ಜಡಿಮಳೆಯ ನೀರು ಒಳಗೇ ನಿಂತು, ತುಕ್ಕು ಒಳಗಿನಿಂದ ಹುಟ್ಟಿ ಬಣ್ಣವನ್ನು ಉಬ್ಬಿಸುತ್ತದೆ.

ಇನ್ನು ರಬ್ಬಿಂಗ್ ಪಾಲಿಶ್, ಟೆಫ್ಲಾನ್ ಕೋಟಿಂಗ್ ಬೇಕೇ ಎಂದು ಸರ್ವಿಸಿನವರು ಕೇಳುತ್ತಾರೆ. ಪ್ರತಿ ರಬ್ಬಿಂಗಿನಲ್ಲೂ ಕ್ಲಿಯರ್ ಕೋಟಿನ ಕೆಲವು ಮೈಕ್ರಾನ್ ಸವೆದು ಹೋಗುತ್ತದೆ, ಅದು ಮರಳಿ ಬರುವುದಿಲ್ಲ. ವರ್ಷಕ್ಕೆರಡು ಸಲ ಮಾಡಿಸಲು ಅದೇನು ಆಯಿಲ್ ಅಲ್ಲ. ಗೀರು ಕಣ್ಣಿಗೆ ಚುಚ್ಚುವಷ್ಟಿದ್ದಾಗ ಮಾತ್ರ, ದಪ್ಪ ಅಳೆಯುವ ಮೀಟರ್ ಇರುವಲ್ಲಿ, ನುರಿತ ಕೈಯಿಂದ ಮಾಡಿಸಿ. ಮೂರು ತಿಂಗಳಿಗೊಮ್ಮೆ ಮನೆಯಲ್ಲೇ ವ್ಯಾಕ್ಸ್ ಹಚ್ಚಿದರೆ ಹಕ್ಕಿ ಹಿಕ್ಕೆಗೂ ಹಲಸಿನ ಮರದ ಅಂಟಿಗೂ ಒಂದು ತಡೆ ಸಿಗುತ್ತದೆ.

ಹಗಲಿನಲ್ಲೇ ವಾಪಸು ಪಡೆಯಿರಿ

ಸಂಜೆ ಐದರೊಳಗೆ ಹೋಗಿ. ಮಳೆಯಲ್ಲಿ ಒದ್ದೆಯಾದ ಕಾರಿನ ಮೈಯಲ್ಲಿ ಗೀರು ಕಾಣುವುದಿಲ್ಲ, ನೀರು ಅದನ್ನು ತುಂಬಿಕೊಂಡಿರುತ್ತದೆ. ಮಾಡಿನ ಅಡಿಗೆ ತರಿಸಿ. ಮೊಬೈಲಿನ ಟಾರ್ಚನ್ನು ಕಾರಿನ ಮೈಗೆ ಓರೆಯಾಗಿ ಹಿಡಿದು ಒಂದು ಸುತ್ತು ನೋಡಿ. ಮಡ್‌ಗಾರ್ಡಿನ ಮೇಲಂಚು, ಬಾಗಿಲಿನ ಅಂಚು, ಲಿಫ್ಟ್ ಹಿಡಿಯುವ ಕೆಳಪಟ್ಟಿ, ಸ್ಟೆಪ್ನಿ ಹೊರತೆಗೆಯುವಾಗ ತಾಗುವ ಹಿಂದಿನ ಬಂಪರಿನ ಮೇಲ್ಭಾಗ, ಚಕ್ರದ ರಿಮ್.

ಹೊಸ ಗೀರು ಕಂಡರೆ ಉಗುರನ್ನು ಅಡ್ಡ ಎಳೆಯಿರಿ. ಉಗುರು ಸಿಕ್ಕಿಕೊಳ್ಳದಿದ್ದರೆ, ನೀರು ಸವರಿದಾಗ ಗೀರು ಮಾಯವಾದರೆ, ಅದು ಕ್ಲಿಯರ್ ಕೋಟಿನೊಳಗಿದೆ, ಪಾಲಿಶಿನಲ್ಲಿ ಹೋಗುತ್ತದೆ. ಉಗುರು ಸಿಕ್ಕಿಕೊಂಡರೆ ಬಣ್ಣ ಹಚ್ಚಲೇಬೇಕಾದೀತು. ಎರಡರಲ್ಲಿ ಯಾವುದೇ ಆಗಿರಲಿ, ಗೇಟ್ ಪಾಸಿಗೆ ಸಹಿ ಹಾಕುವ ಮುಂಚೆ ಅದೇ ಬಿಲ್ಲಿನ ಮೇಲೆ ಬರೆಯಿಸಿ, ಹಿಂದಿನ ದಿನದ ಫೋಟೋ ತೋರಿಸಿ. ಗೇಟು ದಾಟಿದ ಮೇಲೆ ಗೀರು ಎಲ್ಲಾಯಿತು ಎಂದು ತೋರಿಸಿಕೊಡುವುದು ಕಷ್ಟ.

ಅವರು ಒಪ್ಪಿ ಒಂದು ಬಾಗಿಲಿಗೋ ಬಂಪರಿಗೋ ಹೊಸ ಬಣ್ಣ ಹೊಡೆದು ಕೊಟ್ಟರೆ ಆ ಭಾಗಕ್ಕೆ 30 ದಿನ ವ್ಯಾಕ್ಸ್, ಕೋಟಿಂಗ್ ಯಾವುದೂ ಬೇಡ. ಒಳಗಿನ ದ್ರಾವಕ ಆರಿ ಹೊರಹೋಗಲು ಅಷ್ಟು ಸಮಯ ಬೇಕು. ಮೊದಲ ವಾರ ಬರೇ ನೀರು ಬಿಟ್ಟು ತೊಳೆಯಿರಿ, ಉಜ್ಜಬೇಡಿ, ಹಲಸು, ಗೇರು ಮರದಡಿ ನಿಲ್ಲಿಸಬೇಡಿ.